ಚಾಚದ ಕೈ

ಗೂಢಚಾರರ ಆ ಸಿನಿಮಾದ ಕಥೆಯಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ನಕ್ಷೆ ಅಚ್ಚು ಹಾಕುವ ಸರ್ಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವಳ ಕೆಲಸ. ಹದಿನೆಂಟು ವರ್ಷ ತಲೆ ಬಗ್ಗಿಸಿ ಕೂತು, ನದಿಗಳ ಹೆಸರಿನಲ್ಲಿ ಬಿಟ್ಟುಹೋದ ಒತ್ತಕ್ಷರಗಳನ್ನು ಹುಡುಕಿ ಹುಡುಕಿ ಸೇರಿಸಿದವಳು. ಅವಳು ಬೇಹುಗಾರಿಕೆ ಇಲಾಖೆಯ ಆಳು ಎನ್ನುವುದು ಪಕ್ಕದ ಮೇಜಿನವರಿಗೂ ಗೊತ್ತಿಲ್ಲ. ಒಂದು ದಿನ ಹೊಸ ನಕ್ಷೆಯ ಕರಡು ನೋಡುತ್ತಿದ್ದಾಗ, ಎಲ್ಲೂ ಇಲ್ಲದ ಊರುಗಳ ಹೆಸರುಗಳು ಅವಳ ಕಣ್ಣಿಗೆ ಬೀಳುತ್ತವೆ. ಎಣಿಸಿದರೆ ಮೂವತ್ತೇಳು. ಅವು ಊರುಗಳಲ್ಲ, ಪರದೇಶದಲ್ಲಿ ಮರೆಯಾಗಿ ಬದುಕುತ್ತಿರುವ ತಮ್ಮದೇ ಮೂವತ್ತೇಳು ಜನರ ಹೆಸರುಗಳು. ಅವನ್ನು ನಕ್ಷೆಯೊಳಗೆ ಅಡಗಿಸಿ ವೈರಿಗಳಿಗೆ ದಾಟಿಸಲು ಹೊರಟವನು ಅವಳ ಮೇಲಧಿಕಾರಿಯೇ. ಅವಳು ಹಾಳೆಗಳನ್ನು ಕಿತ್ತುಕೊಂಡು ಓಡುತ್ತಾಳೆ. ಅಚ್ಚಿನ ಯಂತ್ರಗಳ ನಡುವೆ ಹೊಡೆದಾಟ, ಮೆಟ್ಟಿಲ ಮೇಲೆ ಗುಂಡು, ಕೊನೆಗೆ ಮೂರನೆಯ ಮಹಡಿಯ ಮೇಲಿನ ತಾರಸಿ. ಹಿಂದೆ ಪಿಸ್ತೂಲು, ಮುಂದೆ ಬರಿಯ ಗಾಳಿ. ಅವಳು ಹಾರುತ್ತಾಳೆ.

ತೆರೆಯ ಮೇಲೆ ಮುಖ ಒಬ್ಬ ಹೆಸರಾಂತ ನಟಿಯದು. ಬೀಳುವ ಬೆನ್ನು, ಉರುಳುವ ಭುಜ, ಕಟಕಟೆ ದಾಟುವ ಕಾಲು ಮಾತ್ರ ಹಾರಕ್ಕನವು.

ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಮೊದಲ ಸಿನಿಮಾದ ಮೊದಲ ದಿನ, “ಹಾರಕ್ಕೆ ಯಾರು ಬಂದಿದ್ದಾರೆ?” ಎಂದು ಯಾರೋ ಕೂಗಿ, ಇನ್ಯಾರೋ “ಹಾರಕ್ಕ ಬಂದಿದ್ದಾಳೆ” ಎಂದು ನಕ್ಕಿದ್ದೇ ನೆಪವಾಗಿ ಆ ಹೆಸರು ಅಂಟಿಕೊಂಡುಬಿಟ್ಟಿತು. ಈಗ ಅವಳಿಗೆ ನಲವತ್ತನಾಲ್ಕು. ಡ್ಯೂಪ್ ಆಗಿ ಅವಳು ಬಿದ್ದ ಮಹಡಿ, ಮುಳುಗಿದ ಕಾರು, ಒಡೆದ ಗಾಜಿನ ಲೆಕ್ಕ ಅವಳಿಗೇ ಇಲ್ಲ. ಒಂದು ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅವಳೂ ಅವಳ ತಾಯಿಯೂ ಇದ್ದರು. ಗಂಡ ಎನ್ನುವವನು, ಕಟ್ಟಿಕೊಂಡವಳು ಕಂಡಕಂಡ ಕಟ್ಟಡದಿಂದ ಧುಮುಕುವುದನ್ನು ನೋಡಲಾರೆ ಎಂದು ಹತ್ತು ವರ್ಷದ ಹಿಂದೆ ಪೆಟ್ಟಿಗೆ ತೆಗೆದುಕೊಂಡು ಹೊರಟುಹೋಗಿದ್ದ. ಅವನು ಮೆಟ್ಟಿಲಲ್ಲೇ ಇಳಿದು ಹೋದ ಎಂದು ತಾಯಿ ಈಗಲೂ ಹಂಗಿಸುವುದುಂಟು. ತಾಯಿ ಹಿಂದೆ ಹೊಲಿಗೆಯವಳು. ಕಣ್ಣು ಮಂಜಾದರೂ ಮಗಳ ಮೊಣಕೈ, ಮೊಣಕಾಲು, ಸೊಂಟಕ್ಕೆ ಕಟ್ಟುವ ಮೆತ್ತೆಗಳನ್ನು ತಾನೇ ಹೊಲಿಯುತ್ತಿದ್ದಳು. ಅಂಗಡಿಯ ಮೆತ್ತೆಯನ್ನು ಅವಳು ಕೈಯಲ್ಲೂ ಮುಟ್ಟುತ್ತಿರಲಿಲ್ಲ.

ಚಿತ್ರೀಕರಣಕ್ಕೆ ಸಿಕ್ಕಿದ್ದು ನಿಜವಾಗಿಯೂ ಒಂದು ಹಳೆಯ ಮುದ್ರಣಾಲಯ. ಯಂತ್ರಗಳು ಹೋಗಿ, ಅವು ಕೂತಿದ್ದ ಜಾಗದಲ್ಲಿ ಎಣ್ಣೆಯ ಕಪ್ಪು ಮಾತ್ರ ಉಳಿದಿತ್ತು. ಆರು ದಿನದ ಮಟ್ಟಿಗೆ ಕಟ್ಟಡ ಕೊಟ್ಟಿದ್ದರು. ಐದನೆಯ ದಿನ ಬೆಳಗ್ಗೆ ಹಾರಕ್ಕ ವೇಷದ ಕೋಣೆಗೆ ಹೋಗಿ, ಕತೆಯ ಹೆಂಗಸು ಉದ್ದಕ್ಕೂ ತೊಡುವ ಹಸಿರು ಕೋಟು ಕೇಳಿದಳು. ಬಟ್ಟೆ ನೋಡಿಕೊಳ್ಳುವವನು ಅವಳ ಮುಖ ನೋಡಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನೇ ದಿಟ್ಟಿಸುತ್ತ, ಕೋಟನ್ನು ಬೇರೆಯವರಿಗೆ ಕೊಡಬೇಕೆಂದು ಸಾಹಸ ದೃಶ್ಯಗಳ ಮಾಸ್ಟರ್ ಹೇಳಿದ್ದಾರೆ ಎಂದ.

ಬೇರೆಯವರು ಅಲ್ಲೇ ಕನ್ನಡಿಯ ಮುಂದೆ ಕೂತಿದ್ದರು. ಅವಳಿಗೆ ಮೊದಲು ಗುರುತು ಸಿಗಲಿಲ್ಲ. ಮೂವತ್ತೈದರ ಗಟ್ಟಿ ಆಳು, ತಲೆಗೆ ಉದ್ದ ಕೂದಲಿನ ವಿಗ್, ಮೇಲ್ದುಟಿ ಸುಲಿದ ಆಲೂಗಡ್ಡೆಯ ಹಾಗೆ ಬೋಳು. ಅದು ಮೀಸೆ. ಫೈಟರುಗಳಲ್ಲಿ ಅವನಷ್ಟು ದಟ್ಟ ಮೀಸೆ ಇನ್ನೊಬ್ಬರಿಗಿಲ್ಲ ಎಂದೇ ಅವನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು.

“ಅಕ್ಕಾ, ನನ್ನ ಕೇಳಿ ಮಾಡಿದ್ದಲ್ಲ ಇದು,” ಎಂದ ಮೀಸೆ. “ನಿನ್ನೆ ಸಂಜೆ ಫೋನ್ ಮಾಡಿ ಬೋಳಿಸ್ಕೊಂಡು ಬಾ ಅಂದ್ರು. ನನ್ನ ಮಗಳು ನನ್ನ ಹತ್ರ ಎತ್ಕೊಳ್ಳಕ್ಕೂ ಬರ್ತಿಲ್ಲ.”

ಹಾರಕ್ಕನಿಗೆ ನಗುವೂ ಬಂತು, ಸಿಟ್ಟೂ ಬಂತು. ಹೆಂಗಸರ ಪಾತ್ರಕ್ಕೆ ವಿಗ್ ಹಾಕಿದ ಗಂಡಸು ಹಾರುವುದು ಅವಳಿಗೆ ಹೊಸದೇನಲ್ಲ. ಅವಳು ಬಂದ ಕಾಲದಲ್ಲಿ ಅದೇ ರೂಢಿ. ಆ ರೂಢಿಯನ್ನು ಒಂದೊಂದೇ ಮೂಳೆ ಮುರಿದುಕೊಂಡು ಮುರಿದವರಲ್ಲಿ ಅವಳೊಬ್ಬಳು. ಈಗ ಇಪ್ಪತ್ತೆರಡು ವರ್ಷದ ಮೇಲೆ ಮತ್ತೆ ಅದೇ ವಿಗ್ ಕನ್ನಡಿಯ ಮುಂದೆ ಕೂತಿತ್ತು.

ಮಾಸ್ಟರ್ ಅಂಗಳದಲ್ಲಿ ಹಗ್ಗ ಬಿಚ್ಚಿಸುತ್ತಿದ್ದ. ಅವಳಿಗಿಂತ ಐದು ವರ್ಷ ಚಿಕ್ಕವನು. ಇಬ್ಬರೂ ಒಬ್ಬರೇ ಗುರುವಿನ ಹತ್ತಿರ ಬೀಳುವುದನ್ನು ಕಲಿತವರು. ಅವನು ಮೊದಲ ಸಲ ಎರಡನೆಯ ಮಹಡಿಯಿಂದ ಹಾರುವಾಗ ಹೆದರಿ ಅಂಚಿನಲ್ಲೇ ನಿಂತುಬಿಟ್ಟಿದ್ದನ್ನೂ, ತಾನು ಕೆಳಗಿನಿಂದ ಬೈದು ಹಾರಿಸಿದ್ದನ್ನೂ ಅವಳು ಯಾರ ಮುಂದೆಯೂ ಆಡಿದವಳಲ್ಲ. ಅವನನ್ನು ಯಾವಾಗಲೂ ‘ನೀನು’ ಎನ್ನುವವಳು ಅಂದು ‘ನೀವು’ ಎಂದಳು. ಅಷ್ಟರಲ್ಲೇ ಅವನಿಗೆ ಗೊತ್ತಾಯಿತು.

ಅವನು ಹೇಳಿದ್ದು ಹೀಗೆ. ಮೊದಲ ಕಥೆಯಲ್ಲಿ ಆ ಹೆಂಗಸು ಒಬ್ಬಳೇ ಹಾರಿ, ಕೆಳಗೆ ನಿಂತ ಲಾರಿಯ ಕ್ಯಾನ್ವಾಸಿನ ಮೇಲೆ ಬೀಳುತ್ತಿದ್ದಳು. ನಾಯಕನಟನಿಗೆ ಅದು ಹಿಡಿಸಲಿಲ್ಲ. ಅಷ್ಟು ದೊಡ್ಡ ಜಿಗಿತ ಅವಳು ಮಾಡಿದರೆ ತಾನು ಲಾರಿಯಲ್ಲಿ ಕೂತು ಏನು ಮಾಡಲಿ ಎಂದು ಕೇಳಿದನಂತೆ. ಅದಕ್ಕೇ ಕಥೆ ತಿರುಗಿತು. ಈಗ ನಾಯಕ ಎದುರು ಕಟ್ಟಡದಿಂದ ಹಗ್ಗಕ್ಕೆ ಜೋತು ತೂಗಿಕೊಂಡು ಬಂದು, ಗಾಳಿಯಲ್ಲಿ ಅವಳು ಚಾಚಿದ ಕೈಯನ್ನು ಹಿಡಿಯುತ್ತಾನೆ. ಹಿಡಿಯುವ ಡ್ಯೂಪಿಗೂ ಹಿಡಿಸಿಕೊಳ್ಳುವ ಡ್ಯೂಪಿಗೂ ಜೊತೆಯ ಪಳಗಿಕೆ ಬೇಕು; ಮೀಸೆ ಆ ಜೋಡಿಯಲ್ಲಿ ಮೂರು ಸಿನಿಮಾ ಮಾಡಿದ್ದಾನೆ. ಅಲ್ಲದೆ ಅವಳಿಗೆ ಹೋದ ವರ್ಷ ಮೊಣಕಾಲು ಉಳುಕಿತ್ತು, ವಯಸ್ಸೂ ಆಯಿತು, ನಿರ್ಮಾಪಕರು ಹೆದರುತ್ತಾರೆ.

“ನನ್ನ ಮೊಣಕಾಲನ್ನ ನೀವು ಯಾವಾಗ ನೋಡಿದ್ರಿ, ಮಾಸ್ಟರ್?” ಎಂದಳು ಹಾರಕ್ಕ. “ಎರಡು ದಿನದಿಂದ ಮೆಟ್ಟಿಲು ಉರುಳಿದ್ದೀನಿ, ಮೇಜು ಹಾರಿದ್ದೀನಿ. ಆಗ ಯಾರಿಗೂ ವಯಸ್ಸು ನೆನಪಾಗಲಿಲ್ಲ.”

ಅವನು ಹಗ್ಗದ ಗಂಟಿನ ಕಡೆ ತಿರುಗಿದ. ತನ್ನ ಕೈಯಲ್ಲಿ ಏನೂ ಇಲ್ಲ ಎಂದ.

ಮಧ್ಯಾಹ್ನ ಪ್ರೊಡಕ್ಷನ್ ಮ್ಯಾನೇಜರ್ ಒಂದು ಕಾಗದ ತಂದ. ಬಹಳ ಮೆತ್ತಗಿನ ಮನುಷ್ಯ, ಕೆಟ್ಟ ಸುದ್ದಿಯನ್ನು ಬಿಸಿ ಟೀ ಜೊತೆಗೇ ಕೊಡುವವನು. ಮೊಣಕಾಲಿನ ನೋವಿನಿಂದಾಗಿ ತಾನು ಸ್ವಂತ ಇಚ್ಛೆಯಿಂದ ಈ ದೃಶ್ಯದಿಂದ ಹಿಂದೆ ಸರಿದಿದ್ದೇನೆ ಎಂದು ಅದರಲ್ಲಿ ಅಚ್ಚಾಗಿತ್ತು. ಮುಂದೆ ಯಾರೂ ಏನೂ ಕೇಳಬಾರದಲ್ಲ, ಅದಕ್ಕೆ, ಒಂದು ಸಹಿ ಸಾಕು ಎಂದ. ಅವಳು ಟೀ ಕುಡಿದಳು, ಕಾಗದವನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡಳು. ಮನೆಯಲ್ಲಿ ಓದಿ ತರುತ್ತೇನೆ ಎಂದಳು.

ಸಂಜೆ ಮನೆಯಲ್ಲಿ ತಾಯಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ಕೆಳಗಿನ ಅಂಗಡಿಯ ಒಗೆಯುವ ಯಂತ್ರ ಗುಡುಗುಡು ಎನ್ನುತ್ತಿದ್ದರಿಂದ ಎರಡು ಸಲ ಓದಬೇಕಾಯಿತು. ತಾಯಿ ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟು ಕೇಳಿಸಿಕೊಂಡಳು.

“ಕಾಲು ನಿನ್ನದು. ನೋವು ಅವರಿಗೆ ಹೇಗೆ ಗೊತ್ತಾಯ್ತು?” ಎಂದಳು.

“ಹೋದ ವರ್ಷದ್ದು ಹೇಳ್ತಾರಮ್ಮ.”

“ಹೋದ ವರ್ಷ ನನಗೆ ಜ್ವರ ಬಂದಿತ್ತು. ಈಗಲೂ ಮಲಗೇ ಇದ್ದೀನಾ?” ತಾಯಿ ದನಿ ತಗ್ಗಿಸಿ ಕೇಳಿದಳು: “ನಿಜ ಹೇಳು. ಹಾರಬಲ್ಲೆಯಾ?”

ಈ ಪ್ರಶ್ನೆಯನ್ನು ಹಾರಕ್ಕ ಬಸ್ಸಿನಲ್ಲಿ ದಾರಿಯುದ್ದಕ್ಕೂ ತನಗೆ ತಾನೇ ಕೇಳಿಕೊಂಡಿದ್ದಳು. ಎದ್ದು ನಿಂತಳು, ಗೋಡೆ ಹಿಡಿಯದೆ ಬಲಗಾಲೊಂದರ ಮೇಲೇ ಕುಕ್ಕರಿಸಿ ಎದ್ದಳು. ಒಂದು ಸಲ, ಎರಡು ಸಲ, ಹತ್ತು ಸಲ. ಹತ್ತನೆಯದಕ್ಕೆ ಮೊಣಕಾಲಿನ ಒಳಗೆ ಒಂದು ಸಣ್ಣ ಕಟಕ್ ಎನ್ನುವ ಸದ್ದು ಬಂತು. ಇಬ್ಬರಿಗೂ ಕೇಳಿಸಿತು.

“ಸದ್ದು ಬಾಗಿಲಿಗೂ ಬರುತ್ತೆ,” ಎಂದಳು ತಾಯಿ. “ಬಾಗಿಲು ತೆಗೆಯೋದು ಬಿಟ್ಟಿದ್ದೀವಾ?”

ಮರುದಿನ ಹಾರಕ್ಕ ಎಲ್ಲರಿಗಿಂತ ಮುಂಚೆ ಮುದ್ರಣಾಲಯಕ್ಕೆ ಬಂದಳು. ಅದೇ ಕೊನೆಯ ದಿನ. ಸಂಜೆ ಐದಕ್ಕೆ ಕಟ್ಟಡ ಬಿಟ್ಟುಕೊಡಬೇಕಿತ್ತು. ಅವಳು ಮ್ಯಾನೇಜರ್ ಕೈಗೆ ಕಾಗದ ಕೊಟ್ಟಳು. ಅಚ್ಚಾಗಿದ್ದ ಸಾಲುಗಳ ಮೇಲೆಲ್ಲ ನೇರವಾಗಿ ಗೆರೆ ಎಳೆದು, ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದಳು: ‘ನನ್ನ ಕಾಲು ಚೆನ್ನಾಗಿದೆ. ಕೆಲಸ ನಾನು ಬಿಟ್ಟಿಲ್ಲ, ಬಿಡಿಸಿದ್ದಾರೆ.’ ಅದರ ಕೆಳಗೆ ಸಹಿ ಹಾಕಿದ್ದಳು. ಮ್ಯಾನೇಜರ್ ಅದನ್ನು ಎರಡು ಸಲ ಓದಿ, ಇದು ತನಗೆ ಉಪಯೋಗಕ್ಕೆ ಬರುವುದಿಲ್ಲ ಎಂದ. ನನಗೆ ಬರುತ್ತದೆ, ಒಂದು ನಕಲು ನನ್ನ ಹತ್ತಿರವೂ ಇದೆ ಎಂದು ಅವಳು ಹೇಳಿದಳು. ನಿನ್ನ ಕೆಲಸವಿಲ್ಲ, ಮನೆಗೆ ಹೋಗು ಎಂದಾಗ, ಒಪ್ಪಂದದ ಪ್ರಕಾರ ತನಗೆ ಇವತ್ತೂ ಕೆಲಸದ ದಿನವೇ, ಸಂಜೆಯ ತನಕ ಇರುತ್ತೇನೆ ಎಂದು ಎರಡನೆಯ ಮಹಡಿಯ ಕಿಟಕಿಯ ಬಳಿ ಹೋಗಿ ನಿಂತುಕೊಂಡಳು. ಅಲ್ಲಿಂದ ಅಂಗಳ ಪೂರ್ತಿ ಕಾಣುತ್ತಿತ್ತು.

ಹಗ್ಗದ ಪರೀಕ್ಷೆ ಶುರುವಾಯಿತು. ಎದುರು ಕಟ್ಟಡದ ತುದಿಯಿಂದ ಹೊರಚಾಚಿದ ಕಬ್ಬಿಣದ ತೊಲೆಗೆ ರಾಟೆ ಕಟ್ಟಿದ್ದರು. ಒಬ್ಬ ಆಳಿನ ತೂಕದ ಮರಳುಮೂಟೆಯನ್ನು ಹಗ್ಗಕ್ಕೆ ಕಟ್ಟಿ ಬಿಟ್ಟರು. ಮೂಟೆ ತೂಗಿಕೊಂಡು ಬಂದು, ಮುದ್ರಣಾಲಯದ ಮೊದಲ ಮಹಡಿಯ ಮೊಗಸಾಲೆಯ ಕಬ್ಬಿಣದ ಕಟಕಟೆಯ ಮೇಲೆ ಒಂದು ಮೊಳ ಎತ್ತರದಲ್ಲಿ ಹಾದು, ಆಚೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹಾರಕ್ಕ ತಟ್ಟಲಿಲ್ಲ. ಒಂದು ಮೊಳದ ಅಂತರ ಒಬ್ಬ ಆಳಿಗೆ ಸರಿ. ಕೈ ಹಿಡಿದ ಮೇಲೆ ಹಗ್ಗಕ್ಕೆ ಇಬ್ಬರ ಭಾರ ಬೀಳುತ್ತದೆ. ಕೆಳಗೆ ಜೋತವನ ಕಾಲು ಇನ್ನೂ ಎಷ್ಟು ಕೆಳಗಿರುತ್ತದೆ? ಅವಳು ಮೆಟ್ಟಿಲಿಳಿದು ಬಂದು ಮಾಸ್ಟರನ್ನು ಕೇಳಿದಳು, ಎರಡು ಮೂಟೆ ಕಟ್ಟಿ ನೋಡಿದ್ದೀರಾ ಎಂದು. ಹೊತ್ತಿಲ್ಲ ಎಂದ ಅವನು. ಲೆಕ್ಕ ಹಾಕಿದ್ದೇವೆ, ನೀವು ಇದರಲ್ಲಿ ತಲೆ ಹಾಕಬೇಡಿ ಎಂದ.

ಹಸಿರು ಕೋಟು ತೊಟ್ಟು, ವಿಗ್ಗನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ ಮೀಸೆಗೆ ಈ ಮಾತು ಕೇಳಿಸಿತು. ಅವನು ಒಮ್ಮೆ ತೊಲೆಯನ್ನು ನೋಡಿದ, ಒಮ್ಮೆ ಕಟಕಟೆಯನ್ನು ನೋಡಿದ. ಕೆಳಗೆ ಜೋಲುವವನು ಅವನೇ ತಾನೆ.

“ಮಾಸ್ಟರ್, ಎರಡು ಮೂಟೆ ಕಟ್ಟಿಸಿ,” ಎಂದ ಮೀಸೆ. “ನೋಡ್ಕೊಂಡೇ ಹಾರ್ತೀನಿ.”

ಇಷ್ಟು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತು ಎನ್ನುವುದು ಅವನ ಬೋಳು ಮೇಲ್ದುಟಿಯ ಬೆವರಿನಲ್ಲಿ ಕಾಣುತ್ತಿತ್ತು. ಮಾಸ್ಟರನಿಗೆ ಎದುರು ಮಾತಾಡಿದರೆ ಮುಂದಿನ ಸಿನಿಮಾಕ್ಕೆ ಕರೆ ಬರುವುದಿಲ್ಲ ಎಂಬುದು ಫೈಟರುಗಳಿಗೆಲ್ಲ ಗೊತ್ತಿದ್ದ ಮಾತು.

ನಿರ್ದೇಶಕ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ. ಮೂರನೆಯ ಸಿನಿಮಾ ಮಾಡುತ್ತಿದ್ದ ಸಣಕಲು ಮನುಷ್ಯ. ಉಗುರು ಕಚ್ಚಿ ಕಚ್ಚಿ ಹತ್ತು ಬೆರಳೂ ಮೊಂಡಾಗಿದ್ದವು. ಅವನೂ ಕಟ್ಟಿಸಿ ಎಂದ. ಎರಡು ಮೂಟೆಗಳನ್ನು, ಒಂದರ ಕೆಳಗೊಂದು, ಚಾಚಿದ ಕೈಯಷ್ಟು ಉದ್ದದ ಪಟ್ಟಿಯಲ್ಲಿ ಬಿಗಿದು ಬಿಟ್ಟರು. ತೊಲೆ ಕಿರ್ರ್ ಎಂದು ಒಂದಿಷ್ಟು ಬಾಗಿತು. ಮೇಲಿನ ಮೂಟೆ ದಾಟಿತು. ಕೆಳಗಿನದು ಕಟಕಟೆಗೆ ಸರಿಯಾಗಿ ನಡುವಿಗೆ ಅಪ್ಪಳಿಸಿ, ಹರಿದು, ಮರಳನ್ನು ಅಂಗಳದ ತುಂಬ ಚೆಲ್ಲಿತು. ಕಬ್ಬಿಣದ ಸರಳೊಂದು ಒಳಕ್ಕೆ ಬಗ್ಗಿಹೋಯಿತು.

ಮೀಸೆ ಹೋಗಿ ಬಗ್ಗಿದ ಸರಳನ್ನು ಮುಟ್ಟಿ ನೋಡಿದ. ಆಮೇಲೆ ಕೋಟು ಬಿಚ್ಚಿದ, ನೀಟಾಗಿ ಮಡಿಚಿದ, ವಿಗ್ಗನ್ನು ಅದರ ಮೇಲಿಟ್ಟು ಹಾರಕ್ಕನ ಕೈಗೆ ಕೊಟ್ಟ.

ನಾಯಕನಟನ ಪರವಾಗಿ ಸೆಟ್ಟಿನಲ್ಲಿದ್ದ ಅವನ ಮ್ಯಾನೇಜರನಿಗೆ ಮಾತ್ರ ಸೋಲೊಪ್ಪಿಕೊಳ್ಳುವ ಅಭ್ಯಾಸವಿರಲಿಲ್ಲ. ಊಟದ ಹೊತ್ತಿಗೆ ಅವನು ಫೋನಿನಲ್ಲಿ ಅರ್ಧ ಗಂಟೆ ಮಾತಾಡಿ ಹೊಸ ಉಪಾಯ ತಂದ. ಹಗ್ಗ ಬೇಡ. ಹಾರಕ್ಕನೇ ಹಾರಲಿ. ಆದರೆ ಹಾರುವಾಗ ಬಲಗೈಯನ್ನು ಮೇಲಕ್ಕೆ ಚಾಚಬೇಕು. ಒಬ್ಬರು ನೀಲಿ ಬಟ್ಟೆ ಸುತ್ತಿದ ಗಳುವನ್ನು ಪಕ್ಕದಲ್ಲಿ ಹಿಡಿದಿರುತ್ತಾರೆ; ಆಮೇಲೆ ಗ್ರಾಫಿಕ್ಸಿನವರು ಆ ಗಳುವಿನ ಜಾಗಕ್ಕೆ ನಾಯಕನನ್ನೂ ಅವನ ಕೈಯನ್ನೂ ತಂದು ಕೂರಿಸುತ್ತಾರೆ. ಎಲ್ಲರಿಗೂ ಉಸಿರು ಬಂದಂತಾಯಿತು. ಮ್ಯಾನೇಜರುಗಳು ಇಬ್ಬರೂ ಕೈಕುಲುಕಿದರು.

ಹಾರಕ್ಕ ಒಂದು ಮೂಲೆಯಲ್ಲಿ ತಾಯಿ ಹೊಲಿದ ಮೆತ್ತೆಗಳನ್ನು ಕಟ್ಟಿಕೊಳ್ಳುತ್ತಿದ್ದಳು. ಕಥೆ ಬರೆದಾಕೆ ಬಂದು ಅವಳ ಪಕ್ಕ ಕೂತಳು. ಗಿಡ್ಡ ಕೂದಲಿನ, ದಪ್ಪ ಕನ್ನಡಕದ ಹೆಂಗಸು. ಸೆಟ್ಟಿಗೆ ಬಂದರೂ ಯಾರೂ ಏನೂ ಕೇಳುತ್ತಿರಲಿಲ್ಲವಾದ್ದರಿಂದ ತಿರುಗಿ ಹೋಗಲೂ ಆಗದೆ ಇರಲೂ ಆಗದೆ ಓಡಾಡಿಕೊಂಡಿದ್ದಳು. ತಾನು ಮೊದಲು ಬರೆದಿದ್ದ ಹಾಳೆಯನ್ನು ಹಾರಕ್ಕನಿಗೆ ತೋರಿಸಿದಳು. ಅದರಲ್ಲಿ ಜಿಗಿತಕ್ಕೆ ಇದ್ದದ್ದು ಒಂದೇ ಸಾಲು: ‘ಹಾಳೆಗಳನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಹಾರುತ್ತಾಳೆ, ಬಿದ್ದ ಮೇಲೂ ಬಿಡುವುದಿಲ್ಲ.’

“ಆ ಸಾಲಿಗೋಸ್ಕರವೇ ಉಳಿದಿದ್ದೆಲ್ಲ ಬರೆದೆ,” ಎಂದಳು ಕಥೆಗಾರ್ತಿ. “ಅದನ್ನೇ ತೆಗೆದರು.”

“ನೀವು ಹೇಳಲಿಲ್ವಾ?”

“ಹೇಳಿದೆ. ಗ್ಲಾಸು ತುಂಬಾ ಜ್ಯೂಸು ಕೊಟ್ಟರು.”

ಹಾರಕ್ಕ ಆ ಹಾಳೆಯನ್ನು ಇಸಿದುಕೊಂಡು ಮತ್ತೆ ಓದಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಯಾವ ಕಥೆಯನ್ನೂ ಪೂರ್ತಿ ಓದಿದವಳಲ್ಲ. ಎಲ್ಲಿಂದ ಬೀಳಬೇಕು, ಎಲ್ಲಿಗೆ ಬೀಳಬೇಕು, ಯಾವ ಭುಜ ಮೊದಲು, ಅಷ್ಟೇ ಸಾಕಾಗುತ್ತಿತ್ತು. ಈ ಹೆಂಗಸು ಯಾಕೆ ಹಾರುತ್ತಾಳೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಈಗ ಕೇಳಿದಳು, ಕಥೆಗಾರ್ತಿ ಮೊದಲಿನಿಂದ ಹೇಳಿದಳು. ಹದಿನೆಂಟು ವರ್ಷ ಮೇಜಿನ ಮುಂದೆ ಕೂತು, ಯಾರ ಕಣ್ಣಿಗೂ ಬೀಳದೆ, ಒಂದು ಅಕ್ಷರವನ್ನೂ ತಪ್ಪಲು ಬಿಡದವಳು. ಅವಳ ಮೇಲೆ ಹಾರಕ್ಕನಿಗೆ ಏನೋ ಒಂದು ಬಗೆಯ ಅಭಿಮಾನ ಹುಟ್ಟಿತು, ತನ್ನ ಓರಗೆಯವಳೊಬ್ಬಳ ಮೇಲೆ ಹುಟ್ಟುವಂಥದ್ದು.

ಮೂರೂವರೆಗೆ ತಾರಸಿಯ ಮೇಲೆ ಎಲ್ಲ ಸಿದ್ಧವಾಯಿತು. ಕೆಳಗೆ ಲಾರಿ ನಿಂತಿತ್ತು. ಅದರ ತೊಟ್ಟಿಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳ ನಾಲ್ಕು ಪದರ, ಮೇಲೆ ಹಾಸಿಗೆ, ಅದರ ಮೇಲೆ ಬಿದ್ದ ಕೂಡಲೇ ಹರಿಯುವಂತೆ ಅಲ್ಲಲ್ಲಿ ಹೊಲಿಗೆ ಬಿಚ್ಚಿದ ಕ್ಯಾನ್ವಾಸು. ಪೆಟ್ಟಿಗೆಗಳು ಒಮ್ಮೆ ಅಪ್ಪಚ್ಚಿಯಾದರೆ ಮತ್ತೆ ಜೋಡಿಸಲು ಅರ್ಧ ದಿನ ಬೇಕು. ಅರ್ಧ ದಿನ ಇರಲಿಲ್ಲ. ಒಂದೇ ಟೇಕು. ಪ್ರತಿ ಪದರವನ್ನೂ ಹಾರಕ್ಕ ತಾನೇ ಲಾರಿ ಹತ್ತಿ, ಅಂಗೈಯಿಂದ ಒತ್ತಿ, ಮೀಸೆಯನ್ನು ಅದರ ಮೇಲೆ ಮೆಲ್ಲಗೆ ಮಲಗಿಸಿ ನೋಡಿ ಬಂದಿದ್ದಳು.

ಅವಳು ಹಸಿರು ಕೋಟಿನ ಗುಂಡಿ ಹಾಕಿಕೊಂಡು ತಾರಸಿಯ ಅಂಚಿಗೆ ಬಂದಳು. ಬಲಗಡೆ ಒಬ್ಬ ಆಳು ನೀಲಿ ಗಳು ಹಿಡಿದು ನಿಂತಿದ್ದ. ಅವಳು ಅಲ್ಲಿಂದ ತಿರುಗಿ ನಿರ್ದೇಶಕನ ಎದುರಿಗೆ ಬಂದು ನಿಂತಳು. ಮಾಸ್ಟರ್, ನಾಯಕನಟನ ಮ್ಯಾನೇಜರ್, ಕ್ಯಾಮೆರಾದವರು ಎಲ್ಲ ಅಲ್ಲೇ ಇದ್ದರು.

“ಸರ್, ಈ ಹೆಂಗಸು ಕೈಯಲ್ಲಿ ಏನು ಹಿಡ್ಕೊಂಡಿದ್ದಾಳೆ?” ಎಂದು ಕೇಳಿದಳು.

“ಹಾಳೆ,” ಎಂದ ನಿರ್ದೇಶಕ, ಗೊತ್ತಿದ್ದೂ ಯಾಕೆ ಕೇಳುತ್ತಾಳೆ ಎಂದು ತಿಳಿಯದೆ.

“ಅದರಲ್ಲಿ ಎಷ್ಟು ಜನರ ಪ್ರಾಣ ಇದೆ?”

“ಮೂವತ್ತೇಳು.”

“ಅಷ್ಟು ಜನರನ್ನ ಎದೆಗೆ ಅವಚ್ಕೊಂಡು ಇಲ್ಲಿ ತನಕ ಓಡಿ ಬಂದವಳು, ಗಾಳಿಯಲ್ಲಿ ಕೈ ಬಿಡ್ತಾಳಾ, ಯಾರಾದ್ರೂ ಹಿಡ್ಕೊಳ್ಳಲಿ ಅಂತ? ಹಾಳೆ ಊರೆಲ್ಲ ಹಾರಿ ಹೋಗುತ್ತೆ. ನಾನು ಬಿಡಲ್ಲ. ನನ್ನ ಎರಡೂ ಕೈ ಹಾಳೆ ಮೇಲಿರುತ್ತೆ. ಒಪ್ಪಿಗೆ ಇಲ್ಲ ಅಂದ್ರೆ ಈಗಲೇ ಹೇಳಿ. ಹಾರಿದ ಮೇಲೆ ಹೇಳಿದ್ರೆ ನನಗೆ ಕೇಳಿಸಲ್ಲ.”

ನಾಯಕನಟನ ಮ್ಯಾನೇಜರ್ ಮುಂದೆ ಬಂದ. ಇದನ್ನು ನಿರ್ಧರಿಸುವುದು ಅವಳ ಕೆಲಸವಲ್ಲ, ಒಬ್ಬ ಡ್ಯೂಪಿಗೆ ಕಥೆಯ ಉಸಾಬರಿ ಯಾಕೆ, ಬೇಕಾದರೆ ಇನ್ನೊಬ್ಬರನ್ನು ಕರೆಸೋಣ ಎಂದ. ಇನ್ನೊಬ್ಬರು ಎಂದಾಗ ಎಲ್ಲರ ಕಣ್ಣೂ ಮೀಸೆಯ ಕಡೆ ಹೋದವು. ಮೀಸೆ ಆಕಾಶ ನೋಡುತ್ತ, ತನಗೆ ಇವತ್ತು ಬೆನ್ನು ನೋವು ಎಂದ. ಬೇಕಾದರೆ ಬರೆದುಕೊಡುತ್ತೇನೆ ಎಂದೂ ಸೇರಿಸಿದ.

ಮಾಸ್ಟರ್ ಇಷ್ಟು ಹೊತ್ತು ಕೆಳಗಿನ ಲಾರಿಯನ್ನು ನೋಡುತ್ತಿದ್ದ. ಬೆಳಗ್ಗೆ ಹರಿದ ಮೂಟೆಯ ಮರಳನ್ನು ಗುಡಿಸಿದ್ದರೂ ಅಂಗಳದ ಕಲ್ಲಿನ ಸಂದುಗಳಲ್ಲಿ ಇನ್ನೂ ಹೊಳೆಯುತ್ತಿತ್ತು. ಅವನು ಅಲ್ಲಿಂದ ಕಣ್ಣು ತೆಗೆದ.

“ಕೈ ಚಾಚಿದ್ರೆ ಭುಜ ತಿರುಗುತ್ತೆ ಸರ್,” ಎಂದ ನಿರ್ದೇಶಕನಿಗೆ. “ಪಕ್ಕಕ್ಕೆ ಬೀಳ್ತಾರೆ. ಈ ಎತ್ತರದಿಂದ ಬೆನ್ನ ಮೇಲೇ ಬೀಳಬೇಕು, ಕೈ ಮಡಚಿ. ಅಕ್ಕ ಹೇಳ್ತಿರೋದು ಕೆಲಸದ ಮಾತೇ.”

ನಿರ್ದೇಶಕ ಉಗುರು ಕಚ್ಚಲು ಹೋಗಿ, ಕಚ್ಚಲು ಏನೂ ಉಳಿದಿಲ್ಲ ಎಂದು ಕೈ ಕೆಳಗಿಟ್ಟ. ಮೂಲೆಯಲ್ಲಿ ನಿಂತಿದ್ದ ಕಥೆಗಾರ್ತಿಯ ಕಡೆ ಒಮ್ಮೆ ನೋಡಿದ. ಆಕೆ ಕನ್ನಡಕ ತೆಗೆದು ಸೀರೆಯಂಚಿನಿಂದ ಒರೆಸುತ್ತಿದ್ದಳು; ಕಣ್ಣೆತ್ತಲಿಲ್ಲ. ಅವನು ನೀಲಿ ಗಳು ಹಿಡಿದವನಿಗೆ ಹೇಳಿದ:

“ಅದನ್ನ ಕೆಳಗಿಡಪ್ಪ. ಫ್ರೇಮಲ್ಲಿ ಬರುತ್ತೆ.”

ಅಷ್ಟೇ ಅವನು ಹೇಳಿದ್ದು. ನಾಯಕನಟನ ಮ್ಯಾನೇಜರ್ ಫೋನ್ ತೆಗೆದುಕೊಂಡು ಮೆಟ್ಟಿಲ ಕಡೆ ನಡೆದ. ಮೀಸೆಯೂ ಲಾರಿಯ ಬಳಿ ನಿಲ್ಲಲು ಕೆಳಗಿಳಿದ.

ಹಾರಕ್ಕ ಅಂಚಿನಿಂದ ಏಳು ಹೆಜ್ಜೆ ಹಿಂದೆ ಬಂದು ನಿಂತಳು. ಭಯ ಆಗುತ್ತಿತ್ತು. ಪ್ರತಿ ಸಲವೂ ಆಗುತ್ತಿತ್ತು. ಆಗದವರ ಜೊತೆ ಕೆಲಸ ಮಾಡಬೇಡ ಎಂದೇ ಅವಳ ಗುರು ಹೇಳಿಕೊಟ್ಟಿದ್ದ. ಅದು ಏರಿ ಇಳಿಯುವ ತನಕ ಕಾದಳು. ಮೊಣಕಾಲು ಏನೂ ಹೇಳಲಿಲ್ಲ. ಹಾಳೆಗಳನ್ನು ಎದೆಗೆ ಒತ್ತಿಕೊಂಡಳು. ಅವು ಬರಿಯ ಸೆಟ್ಟಿನ ಹಾಳೆಗಳು, ಆದರೆ ಕಲಾ ವಿಭಾಗದವರು ಶ್ರದ್ಧೆಯಿಂದ ಮೂವತ್ತೇಳು ಹೆಸರನ್ನೂ ಬರೆದಿದ್ದರು. ಅವಳು ಮೊದಲ ಹೆಸರನ್ನು ಓದಿದಳು. ನಿರ್ದೇಶಕ “ಆಕ್ಷನ್” ಎಂದ.

ಏಳು ಹೆಜ್ಜೆ. ಎಡಗಾಲು ಅಂಚಿಗೆ ತಾಗಿದ್ದು ಗೊತ್ತಾಯಿತು, ಬಿಟ್ಟದ್ದೂ ಗೊತ್ತಾಯಿತು. ಗಾಳಿಯಲ್ಲಿ ಮೈ ತಿರುವಿ ಬೆನ್ನನ್ನು ಕೆಳಗೆ ಮಾಡಿದಳು. ಆ ಎರಡು ಕ್ಷಣದಲ್ಲಿ ಅವಳಿಗೆ ಕಂಡದ್ದು ತಾರಸಿಯ ಅಂಚಿನಿಂದ ಬಗ್ಗಿ ನೋಡುತ್ತಿದ್ದ ತಲೆಗಳ ಸಾಲು, ಅವುಗಳ ಹಿಂದೆ ಬಿಳಿಯ ಆಕಾಶ. ಕೋಟಿನ ಅಂಚು ಮುಖಕ್ಕೆ ಬಡಿಯಿತು. ಬೆರಳುಗಳು ಹಾಳೆಯೊಳಗೆ ನೆಟ್ಟಿದ್ದವು. ಆಮೇಲೆ ಕ್ಯಾನ್ವಾಸು ಪರ್ರೆಂದು ಹರಿಯಿತು, ರಟ್ಟಿನ ಪೆಟ್ಟಿಗೆಗಳು ಒಂದೊಂದು ಪದರವಾಗಿ ಅವಳ ಕೆಳಗೆ ಕುಸಿದವು, ಎಲ್ಲ ಕತ್ತಲಾಗಿ ಧೂಳಿನ ವಾಸನೆ ಬಂತು.

ಮೀಸೆ ಮೊದಲು ಲಾರಿ ಹತ್ತಿದ. ಹರಿದ ಕ್ಯಾನ್ವಾಸನ್ನು ಎಳೆದು ನೋಡಿದರೆ, ಅವಳು ಅಂಗಾತ ಮಲಗಿ ಕಣ್ಣು ತೆರೆದಿದ್ದಳು.

“ಅಕ್ಕಾ, ಬೆರಳು ಅಲ್ಲಾಡಿಸಿ,” ಎಂದ.

“ಕಾಲ್ಬೆರಳು ಅಲ್ಲಾಡಿಸ್ತಿದ್ದೀನಿ ನೋಡು,” ಎಂದಳು. “ಕೈಯದ್ದು ಕೇಳಬೇಡ. ಕಟ್ ಅನ್ನೋ ತನಕ ಬಿಡಲ್ಲ.”

ಮೇಲಿನಿಂದ ಯಾರೋ ಕಟ್ ಎಂದಾಗ ಅವಳು ಬೆರಳು ಬಿಚ್ಚಿದಳು. ಮೂವತ್ತೇಳು ಹೆಸರೂ ಮುದುಡಿದ್ದವು, ಒಂದೂ ಹರಿದಿರಲಿಲ್ಲ.

ಇದರಿಂದ ಅವಳಿಗೆ ಒಳ್ಳೆಯದೇ ಆಯಿತು ಎಂದು ಹೇಳುವ ಹಾಗಿಲ್ಲ. ಆ ನಿರ್ಮಾಪಕರು ಮತ್ತೆ ಅವಳನ್ನು ಕರೆಯಲಿಲ್ಲ, ಅವರ ಸ್ನೇಹಿತರೂ ಕರೆಯಲಿಲ್ಲ. ‘ಕಥೆ ಕೇಳುವ ಡ್ಯೂಪ್’ ಎಂದು ಅವಳಿಗೆ ಹೊಸ ಹೆಸರು ಬಿತ್ತು. ಏಳೆಂಟು ತಿಂಗಳು, ಒಂದು ಜಾಹೀರಾತಿನಲ್ಲಿ ಸೈಕಲ್ಲಿನಿಂದ ಬಿದ್ದದ್ದು ಬಿಟ್ಟರೆ ಬೇರೆ ಕೆಲಸ ಸಿಗಲಿಲ್ಲ. ತಾಯಿಯ ಹಳೆಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಇಬ್ಬರೂ ಸೇರಿ ಫೈಟರುಗಳಿಗೆ ಮೆತ್ತೆ ಹೊಲಿದು ಕೊಟ್ಟರು. ಅಚ್ಚರಿಯೆಂದರೆ ಅದಕ್ಕೆ ಬೇಡಿಕೆ ಇತ್ತು. ಮೊದಲ ಗಿರಾಕಿ ಮಾಸ್ಟರ್. ಹನ್ನೆರಡು ಜೊತೆ ಬೇಕು ಎಂದು ಬಾಗಿಲಲ್ಲಿ ನಿಂತವನನ್ನು ತಾಯಿ ಒಳಗೆ ಕರೆದು, ಅಳತೆ ತೆಗೆಯುವ ನೆಪದಲ್ಲಿ ಬೇಕಾದಷ್ಟು ಬೈದಳು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಹಾರಕ್ಕ ಅವನನ್ನು ಮತ್ತೆ ‘ನೀನು’ ಎನ್ನಲು ಇನ್ನೂ ಮೂರು ತಿಂಗಳು ಬೇಕಾಯಿತು.

ಸಿನಿಮಾ ಬಂದಾಗ ಜಿಗಿತ ಹಾಗೆಯೇ ಇತ್ತು. ನಾಯಕನ ಕೈಯನ್ನು ಎಲ್ಲಾದರೂ ಕೂರಿಸಲು ಗ್ರಾಫಿಕ್ಸಿನವರು ವಾರಗಟ್ಟಲೆ ಹೆಣಗಿದರಂತೆ. ಹಿಡಿಯಲು ಕೈಯೇ ಇಲ್ಲದ ಮೇಲೆ ಹಿಡಿಯುವ ಕೈಯನ್ನು ಎಲ್ಲಿ ಇಡುವುದು? ಸೊಂಟಕ್ಕೆ ಇಟ್ಟರೆ ನಗು ಬರುತ್ತಿತ್ತು, ಕಾಲಿಗೆ ಇಟ್ಟರೆ ಇನ್ನೂ ನಗು ಬರುತ್ತಿತ್ತು. ಬಿಟ್ಟುಬಿಟ್ಟರು. ಕೊನೆಗೆ ನಾಯಕನಟ ಪತ್ರಿಕೆಯೊಂದಕ್ಕೆ, ಆ ಹೆಂಗಸು ಒಬ್ಬಳೇ ಹಾರಬೇಕು ಎಂದು ಮೊದಲಿನಿಂದ ಹಟ ಹಿಡಿದವನು ತಾನೇ ಎಂದು ಹೇಳಿಕೊಂಡ. ಕಥೆಗಾರ್ತಿ ಅದನ್ನು ಫೋನಿನಲ್ಲಿ ಓದಿ ಹೇಳಿದಾಗ ಹಾರಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅವಳು ಸುಮ್ಮನಿರಲಿಲ್ಲ. ಗೆರೆ ಎಳೆದು ಸಹಿ ಹಾಕಿದ್ದ ಕಾಗದದ ನಕಲನ್ನು ಇಟ್ಟುಕೊಂಡು ಫೈಟರುಗಳ ಸಂಘದ ಸಭೆಗೆ ಹೋದಳು. ಹೆಂಗಸಿನ ಪಾತ್ರದ ಸಾಹಸಕ್ಕೆ ಮೊದಲು ಹೆಂಗಸನ್ನೇ ಕೇಳಬೇಕು. ಗಂಡಸಿಗೆ ವಿಗ್ ಹಾಕುವುದಾದರೆ ಯಾಕೆ ಎಂದು ಬರೆದುಕೊಡಬೇಕು. ಆಗದ ಗಾಯವನ್ನು ಆಗಿದೆಯೆಂದು ಯಾರ ಕೈಯಲ್ಲೂ ಬರೆಸಿಕೊಳ್ಳಬಾರದು. ಇಷ್ಟೇ ಅವಳ ಅರ್ಜಿ. ಸಂಘದಲ್ಲಿದ್ದ ಹನ್ನೊಂದು ಹೆಂಗಸರೂ ಅದಕ್ಕೆ ಸಹಿ ಹಾಕಿದ್ದರು. ಕಾರ್ಯದರ್ಶಿ ಇದನ್ನು ಮುಂದಿನ ಸಭೆಯಲ್ಲಿ ನೋಡೋಣ ಎಂದ. ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಚಿಕ್ಕವಳು, ಬೈಕಿನಿಂದ ಹಾರುವುದರಲ್ಲಿ ಹೆಸರು ಮಾಡಿದವಳು, ಮುಂದಿನ ಸಭೆಗೆ ತನಗೆ ಬಿಡುವಿಲ್ಲ, ಇವತ್ತೇ ಆಗಲಿ ಎಂದಳು. ಮೀಸೆ ಎದ್ದು, ಮುಖ ಬೋಳಿಸಿಕೊಂಡು ಕಟಕಟೆಗೆ ಬಡಿಸಿಕೊಳ್ಳಲು ಹೊರಟಿದ್ದವನು ತಾನೇ, ಇದು ಹೆಂಗಸರದಷ್ಟೇ ವಿಷಯವಲ್ಲ ಎಂದ. ಅಷ್ಟರಲ್ಲಿ ಅವನ ಮೀಸೆ ಮೊದಲಿಗಿಂತ ದಟ್ಟವಾಗಿ ಬಂದಿತ್ತು, ಹಾಗಾಗಿ ಮಾತಿಗೆ ತೂಕವಿತ್ತು.

ಮೊದಲ ಎರಡು ಮಾತು ಒಪ್ಪಿಗೆಯಾದವು. ಮೂರನೆಯದನ್ನು ಕಾನೂನು ಬಲ್ಲವರಿಗೆ ತೋರಿಸಬೇಕು ಎಂದು ತೆಗೆದಿಟ್ಟರು. ಹಾರಕ್ಕ ಅದನ್ನು ಒಪ್ಪಲಿಲ್ಲ. ಯಾವ ತಾರೀಕಿಗೆ ತೋರಿಸುತ್ತೀರಿ, ಯಾರಿಗೆ ತೋರಿಸುತ್ತೀರಿ ಎಂದು ಕೇಳಿ, ಕಾರ್ಯದರ್ಶಿ ತಾರೀಕನ್ನು ಬರೆಯುವ ತನಕ ಅವನ ಮೇಜಿನ ಎದುರಿನಿಂದ ಕದಲಲಿಲ್ಲ. ಅವನು ಬರೆದ. ಅವಳು ಅದನ್ನು ತಿರುಗಿಸಿ ಓದಿ, ತಿಂಗಳ ಹೆಸರ ಕೆಳಗೆ ಬೆರಳಿಟ್ಟಳು.

“ಸ್ಪಷ್ಟವಾಗಿ ಬರೀರಿ,” ಎಂದಳು. “ಒಂದಕ್ಷರ ಬಿಟ್ಟಿದ್ದೀರಿ.”